ಇಟ್ಟುಕೊಂಡ ಹೂವು, ಕೊಟ್ಟ ಹೂವು

ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಮುಚ್ಚಿದರೆ ನನಗೆ ಈಗಲೂ ಕಣಗಿಲೆ ಹೂವಿನ ವಾಸನೆ ಬರುತ್ತದೆ. ಕಣಗಿಲೆಗೆ ಹೇಳಿಕೊಳ್ಳುವಂಥ ವಾಸನೆ ಎಲ್ಲಿದೆ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳುತ್ತಿದ್ದೆ. ಒದ್ದೆ ಕಲ್ಲು, ಹೊಗೆ ಹಿಡಿದ ದೀಪ, ವಿಭೂತಿ, ಆಗತಾನೇ ಬಾವಿಯಿಂದ ಸೇದಿದ ನೀರು, ಇವೆಲ್ಲ ಕೂಡಿ ಆ ಹೂವಿನ ಹೆಸರಿನಲ್ಲಿ ನನ್ನೊಳಗೆ ಉಳಿದುಕೊಂಡಿರಬೇಕು. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಿರಿ ಎಂದು ಜೀವಮಾನವಿಡೀ ಮಕ್ಕಳಿಗೆ ಹೇಳಿದವನು ನಾನು. ಈ ವಾಸನೆಯನ್ನು ಮಾತ್ರ ಯಾರಿಗೂ ತೋರಿಸಲಾರೆ.

ನನ್ನದು ಲಿಂಗಸುಗೂರು. ಅಪ್ಪನದು ಕಿರಾಣಿ ಅಂಗಡಿ. ಅಂಗಡಿಯಲ್ಲಿ ಕೂರಲು ಒಲ್ಲೆನೆಂದು ಹಟ ಹಿಡಿದು ಹೈದರಾಬಾದಿಗೆ ಹೋಗಿ ವಿಜ್ಞಾನ ಓದಿದೆ. ಆಗ ನಿಜಾಮರ ಕಾಲ, ಓದಿದ್ದೆಲ್ಲ ಉರ್ದುವಿನಲ್ಲಿ. ಪ್ರಯೋಗಕ್ಕೆ ತಜುರ್ಬಾ, ಸಾಕ್ಷ್ಯಕ್ಕೆ ಸಬೂತು, ಫಲಿತಾಂಶಕ್ಕೆ ನತೀಜಾ. ಅಲ್ಲಿ ನಮಗೆ ಕಲಿಸಿದ ಮುದಿ ಉಸ್ತಾದರೊಬ್ಬರು ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಮಾತನ್ನು ಮೇಲಿಂದ ಮೇಲೆ ಹೇಳುತ್ತಿದ್ದರು. ನಿನಗೆ ಯಾವ ನತೀಜಾ ಬೇಕಾಗಿದೆಯೋ ಅದರ ಮೇಲೆಯೇ ಎಲ್ಲಕ್ಕಿಂತ ಹೆಚ್ಚು ಶಕ್ ಇರಲಿ, ಅನುಮಾನ ಇರಲಿ ಎಂದು. ಆಗ ನನಗೆ ಆ ಮಾತು ಬರೀ ಪರೀಕ್ಷೆಗೆ ಬರೆಯುವ ಮಾತಾಗಿತ್ತು.

ಪೊಲೀಸ್ ಆಕ್ಷನ್ ಆಗಿ ನಿಜಾಮರ ರಾಜ್ಯ ಮುಗಿದ ಮೇಲೆ ಸಿಂಧನೂರಿನ ಶಾಲೆಗೆ ಮಾಸ್ತರನಾಗಿ ಬಂದೆ. ಕಲಿತದ್ದು ಉರ್ದು, ಕಲಿಸಬೇಕಾದದ್ದು ಕನ್ನಡ. ಹಲಗೆಯ ಮುಂದೆ ನಿಂತು ಒಂದು ಶಬ್ದಕ್ಕಾಗಿ ತಡಕಾಡುತ್ತಿದ್ದರೆ ಹುಡುಗರೇ ಬೇಸತ್ತು ಅದನ್ನು ಹೇಳಿಬಿಡುತ್ತಿದ್ದರು. ಒಂದು ಮಾತು ಮಾತ್ರ ಎರಡೂ ಭಾಷೆಯಲ್ಲಿ ಹೇಳಲು ಅಷ್ಟೇ ಕಷ್ಟ. ಮಾಲೂಮ್ ನಹೀಂ. ಗೊತ್ತಿಲ್ಲ.

ಆ ಮಾತಿನಿಂದಲೇ ನನಗೆ ದೆವ್ವದ ಮಾಸ್ತರ ಎಂಬ ಹೆಸರು ಬಂತು. ಜವಳಗೇರಾದಲ್ಲಿ ಒಂದು ಮನೆಯ ಮೇಲೆ ಹಾಡಹಗಲೇ ಕಲ್ಲು ಬೀಳುತ್ತಿವೆ, ಯಾರೋ ಬಾನಾಮತಿ ಮಾಡಿಸಿದ್ದಾರೆ ಎಂದು ಸುದ್ದಿಯಾಯಿತು. ಬಾನಾಮತಿ ಎಂದರೆ ನಮ್ಮ ಕಡೆಯ ಮಾಟ. ಆಗದವರು ಮಾಡಿಸಿದರೆ ಕಲ್ಲು ಬೀಳುತ್ತವೆ, ಪೆಟ್ಟಿಗೆಯೊಳಗೆ ಮಡಿಸಿಟ್ಟ ಸೀರೆ ತಾನಾಗಿ ಸುಡುತ್ತದೆ ಎಂದು ಜನ ನಂಬಿದ್ದರು. ನಾನು ರಜೆ ಹಾಕಿ ಹೋಗಿ ಆ ಮನೆಯ ಅಂಗಳದಲ್ಲಿ ಕುಳಿತೆ. ಮಾಳಿಗೆ ಹತ್ತಿ ಇಳಿದೆ. ಬಿದ್ದಿದ್ದ ಕಲ್ಲುಗಳನ್ನು ತೊಳೆದು ನೋಡಿದೆ. ನಾನಿದ್ದಷ್ಟು ಹೊತ್ತೂ ಒಂದು ಕಲ್ಲೂ ಬೀಳಲಿಲ್ಲ. ಸಂಜೆಗೆ ಮನೆಯ ಯಜಮಾನ ಬಂದು ಎದುರಿಗೆ ನಿಂತ.

"ಏನ್ರಿ ಮಾಸ್ತರ, ಬಾನಾಮತಿ ಹೌದೋ ಅಲ್ಲೋ?"

"ಗೊತ್ತಿಲ್ರಿ. ನಾ ಇದ್ದಾಗ ಬೀಳಲಿಲ್ಲ. ಅಷ್ಟ ಹೇಳಬಲ್ಲೆ."

"ಇಷ್ಟು ಹೇಳಾಕ ಹೈದ್ರಾಬಾದಿಗೆ ಹೋಗಿ ಓದಬೇಕಾಗಿತ್ತೇನ್ರಿ?"

ದೆವ್ವ ಹುಡುಕಲು ಬಂದ ಮಾಸ್ತರ ಎಂದು ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮೊದಲಿಂದಲೂ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಬಸ್ಸಿನ ದಾರಿಯುದ್ದಕ್ಕೂ ಕಿಟಕಿಯೊಡನೆ ಜಗಳವಾಡಿಕೊಂಡು ಬಂದೆ. ಹೊರಗೆ ಹೊಸ ಕಾಲುವೆಗೆಂದು ಅಗೆದ ಮಣ್ಣು ದಿಬ್ಬ ದಿಬ್ಬವಾಗಿ ಬಿದ್ದಿತ್ತು. ನೀರು ಇನ್ನೂ ಬಂದಿರಲಿಲ್ಲ. ನೀರು ಬರುತ್ತದೆಂದು ಎಲ್ಲರೂ ನಂಬಿದ್ದರು, ಅದಕ್ಕೆ ಮಾತ್ರ ಯಾರೂ ಸಬೂತು ಕೇಳುತ್ತಿರಲಿಲ್ಲ.

ಅಕ್ಕನನ್ನು ಮಸ್ಕಿಗೆ ಕೊಟ್ಟಿತ್ತು. ಅಕ್ಕನ ಗಂಡನದು, ನಾನು ಮಾವ ಎಂದು ಕರೆಯುತ್ತಿದ್ದವರದು, ಬಟ್ಟೆ ಅಂಗಡಿ. ಅವರ ಹಿರಿಯರು ಸಾಲಗುಂದದವರು, ಒಂದು ತಲೆಮಾರಿನ ಹಿಂದೆ ಮಸ್ಕಿಗೆ ಬಂದು ನೆಲೆಸಿದವರು. ಮನೆಯಲ್ಲಿ ಮಾವನ ತಾಯಿ ಇದ್ದರು. ಅವರನ್ನು ಅತ್ತಿ ಎನ್ನುತ್ತಿದ್ದೆ. ಮತ್ತೆ ಮಾವನ ತಂಗಿ ಇದ್ದಳು. ಈ ತಂಗಿಯ ಸಂಗತಿಯನ್ನೇ ನಾನು ಹೇಳಬೇಕಾಗಿರುವುದು. ನನ್ನದೂ ಅದರೊಳಗೇ ಇದೆ.

ಆಕೆಯನ್ನು ಹೊಳೆದಂಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಪೊಲೀಸ್ ಆಕ್ಷನ್ನಿಗೆ ಮುಂಚೆ, ನಿಜಾಮರ ಕಡೆಯ ರಜಾಕಾರರ ಗಲಾಟೆಯ ಮಳೆಗಾಲ ಅದು. ಹೊಳೆಯ ಆಚೆಗೆ ಸಿರುಗುಪ್ಪದ ಕಡೆ ನಿಜಾಮರ ರಾಜ್ಯವಲ್ಲ, ಅಲ್ಲಿ ಭಯವಿಲ್ಲವೆಂದು ಜನ ತುಂಗಭದ್ರೆ ದಾಟಿ ಹೋಗುತ್ತಿದ್ದರು. ಇರಲು ಜಾಗ ನೋಡಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಆಕೆಯ ಗಂಡ ಹೋದ. ಬರಲಿಲ್ಲ. ಹೊಳೆ ನುಂಗಿತೋ, ಬಂದೂಕು ಹಿಡಿದವರು ಮುಗಿಸಿದರೋ, ತಾನೇ ಎತ್ತಲೋ ಹೋಗಿಬಿಟ್ಟನೋ, ಯಾರೂ ಹೇಳಲಿಲ್ಲ. ಆಕೆ ತವರಿಗೆ ಬಂದಳು. ಹಣೆಯಲ್ಲಿ ಕುಂಕುಮವಿತ್ತು, ಕೈತುಂಬ ಹಸಿರು ಬಳೆ ಇದ್ದವು. ಆದರೆ ಮನೆಗೆ ಬಂದ ಹೆಂಗಸರು ಆಕೆಗೆ ಉಡಿ ತುಂಬುವಾಗ ಒಂದು ಗಳಿಗೆ ಕೈ ತಡೆದು ಅತ್ತಿಯ ಮುಖ ನೋಡುತ್ತಿದ್ದರು.

ಆಕೆ ಮುತ್ತೈದೆಯೋ ಅಲ್ಲವೋ ಎಂಬುದನ್ನು ಹೂವು ಹೇಳುತ್ತಿತ್ತು. ಗುಡ್ಡದ ಬುಡದಲ್ಲಿ ಒಂದು ಸಣ್ಣ ಈಶ್ವರನ ಗುಡಿ. ಪ್ರತಿ ಶ್ರಾವಣದ ಒಂದು ಸೋಮವಾರ ಮನೆಯವರೆಲ್ಲ ಅಲ್ಲಿಗೆ ಹೋಗಿ, ಅವನು ಬದುಕಿದ್ದಾನೆಯೇ ಎಂದು ಅಪ್ಪಣೆ ಕೇಳುವರು. ಪೂಜೆಯ ಮುದಿ ಅಯ್ಯನವರು ಒಂದು ಬಿಳಿ ಕಣಗಿಲೆಯನ್ನೂ ಒಂದು ಕೆಂಪು ಕಣಗಿಲೆಯನ್ನೂ ನೀರಲ್ಲಿ ಅದ್ದಿ ಲಿಂಗದ ನೆತ್ತಿಯ ಎರಡು ಪಕ್ಕಕ್ಕೆ ಅಂಟಿಸಿ ಸರಿದು ನಿಲ್ಲುವರು. ಬಿಳಿ ಎಂದರೆ ಹೌದು, ಕೆಂಪು ಎಂದರೆ ಇಲ್ಲ. ಕೇಳುವವರು ಮನಸ್ಸಿನೊಳಗೇ ಕೇಳಬೇಕು, ಬಾಯಿಬಿಟ್ಟು ಹೇಳಬಾರದು. ಹಾಗಾಗಿ ಅಯ್ಯನವರಿಗೆ ಪ್ರಶ್ನೆ ತಿಳಿಯದು. ಉತ್ತರವನ್ನೂ ಅವರು ಹೇಳರು, ಅದು ದೇವರಿಗೂ ಕೇಳಿದವರಿಗೂ ಬಿಟ್ಟದ್ದು. ಒಂದು ಹೂವು ಬೀಳುವ ತನಕ ಎಲ್ಲರೂ ಕೈಮುಗಿದು ನಿಲ್ಲುವರು. ವರ್ಷಾ ವರ್ಷಾ ಬಿಳಿ ಹೂವೇ ಬಿತ್ತು. ಅತ್ತಿ ಅದನ್ನು ಸೆರಗಿನಲ್ಲಿ ಹಿಡಿದು, ಮಗಳ ತುರುಬಿಗೆ ಸಿಕ್ಕಿಸಿ, ಗುಡಿ ದಾಟಿದ ಮೇಲೆ "ಅದಾನ ನಮ್ಮ ಅಳಿಯ, ಎಲ್ಲೋ ಒಂದು ಕಡೆ ಅದಾನ" ಎಂದು ಕಣ್ಣೊರೆಸಿಕೊಂಡು ಮನೆಗೆ ಬರುವರು. ಮರುದಿನ ಬಳೆಗಾರ್ತಿ ಬಂದು ಆಕೆಯ ಕೈಗೆ ಹೊಸ ಹಸಿರು ಬಳೆ ಇಡುವಳು.

ನಾನು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು ಮಸ್ಕಿಗೆ ಬರುತ್ತಿದ್ದೆ. ಅಕ್ಕನ ಮೇಲೆ ಎಷ್ಟು ಪ್ರೀತಿ ಇವನಿಗೆ ಎಂದು ಎಲ್ಲರೂ ಹೊಗಳುತ್ತಿದ್ದರು, ಅಕ್ಕ ಒಬ್ಬಳನ್ನು ಬಿಟ್ಟು. ಬಸ್ಸಿನಿಂದ ಇಳಿದರೆ ಮೊದಲು ಗುಡ್ಡ ಕಾಣುತ್ತಿತ್ತು, ಆಮೇಲೆ ಆ ಮನೆಯ ಮಾಳಿಗೆ, ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ ಶಾವಿಗೆ, ಶಾವಿಗೆಯ ನಡುವೆ ಕೂತ ಆಕೆ. ಬಿಸಿಲ ಝಳದಲ್ಲಿ ಮಾಳಿಗೆ, ಗುಡ್ಡ, ಆಕೆ ಮೂರೂ ನೀರಿನಾಳದಲ್ಲಿದ್ದಂತೆ ಅಲುಗಾಡುತ್ತಿದ್ದವು. ಅದು ಬಿಸಿಗಾಳಿಯಲ್ಲಿ ಬೆಳಕು ಬಾಗುವುದರಿಂದ ಆಗುವುದು, ನನಗೆ ಚೆನ್ನಾಗಿ ಗೊತ್ತು, ಏಳನೆಯ ತರಗತಿಗೆ ಕಲಿಸಿದ್ದೇನೆ. ಗೊತ್ತಿದ್ದೂ ಅಲ್ಲೇ ರಸ್ತೆಯಲ್ಲಿ ನಿಂತುಬಿಡುತ್ತಿದ್ದೆ.

ಆಕೆಗೆ ನನ್ನನ್ನು ಕೆಣಕುವುದೆಂದರೆ ಖುಷಿ.

"ಮಾಸ್ತರ, ಗಾಳಿ ಕಣ್ಣಿಗೆ ಕಾಣಂಗಿಲ್ಲ, ಐತಿ ಅಂತೀರಿ. ದೆವ್ವ ಕಣ್ಣಿಗೆ ಕಾಣಂಗಿಲ್ಲ, ಇಲ್ಲ ಅಂತೀರಿ. ಅದು ಹೆಂಗ?"

"ಇಲ್ಲ ಅಂದಿಲ್ರಿ. ಗೊತ್ತಿಲ್ಲ ಅಂದೀನಿ."

"ಅಯ್ಯ, ಗೊತ್ತಿಲ್ಲ ಅನ್ನಾಕ ನಮ್ಮಂಥವರು ಸಾಲದಾಗ್ಯಾರೇನು? ಮಾಸ್ತರೂ ಬೇಕೇನು?" ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಜವಳಗೇರಾದವರು ನಕ್ಕಾಗ ಬಂದ ಸಿಟ್ಟು ಈ ನಗೆಗೆ ಯಾಕೆ ಬರುವುದಿಲ್ಲ ಎಂದು ನಾನು ಯೋಚಿಸಿದೆ. ಬಹಳ ಯೋಚಿಸಬೇಕಾಗಲಿಲ್ಲ. ನನಗೆ ಆಕೆ ಬೇಕಾಗಿದ್ದಳು. ಊಟ ಮಾಡುವಾಗ, ಪಾಠ ಮಾಡುವಾಗ, ಹುಡುಗರ ಉತ್ತರ ತಿದ್ದುವಾಗ, ಎಲ್ಲ ಹೊತ್ತಿನಲ್ಲೂ ಬೇಕಾಗಿದ್ದಳು.

ನಮ್ಮಲ್ಲಿ ಗಂಡ ಸತ್ತವಳು ಮತ್ತೊಬ್ಬನನ್ನು ಕೂಡಿಕೊಳ್ಳುವ ಪದ್ಧತಿ ಇದೆ. ಅದಕ್ಕೆ ಉಡಿಕೆ ಎನ್ನುತ್ತಾರೆ. ವಾಲಗವಿಲ್ಲ, ಹಂದರವಿಲ್ಲ, ಹೊಸ ಸೀರೆ ಉಡಿಸಿ ಹಿರಿಯರ ಮುಂದೆ ಒಪ್ಪಿಸಿದರೆ ಆಯಿತು. ಆದರೆ ಗಂಡ ಸತ್ತಿರಬೇಕು. ಬಿಳಿ ಹೂವು ಅವನನ್ನು ಪ್ರತಿ ಶ್ರಾವಣ ಬದುಕಿಸುತ್ತಿತ್ತು. ಅಕ್ಕ ಒಂದು ದಿನ ಧೈರ್ಯ ಮಾಡಿ ಅತ್ತಿಯ ಮುಂದೆ ಮಾತು ತೆಗೆದಳು. ಅತ್ತಿ ಬೀಸುತ್ತಿದ್ದ ಕಲ್ಲನ್ನು ನಿಲ್ಲಿಸಿ ಸೊಸೆಯ ಮುಖವನ್ನೇ ನೋಡಿದರು.

"ದೇವರು ಅದಾನ ಅಂತ ಹೇಳ್ಯಾನ. ನೀ ಸತ್ತಾನ ಅಂತೀಯೇನ? ನನ್ನ ಮಗಳ ಕೈಯಾಗಿನ ಬಳಿ ನಿನ್ನ ಕಣ್ಣು ಚುಚ್ಚಾಕತ್ತಾವೇನ?"

ಆ ವಾರ ಅಕ್ಕ ಇದನ್ನೆಲ್ಲ ಹೇಳಿ ಅತ್ತಳು. ನಾನು ಹೂವನ್ನು ಪರೀಕ್ಷೆ ಮಾಡುತ್ತೇನೆ ಎಂದೆ. ದೇವರನ್ನೇ ಪರೀಕ್ಷೆ ಮಾಡುತ್ತೀಯಾ ಎಂದು ಅತ್ತಿ ಕಿವಿ ಮುಚ್ಚಿಕೊಂಡರು. ದೇವರನ್ನಲ್ಲ, ಹೂವನ್ನು ಎಂದೆ. ಮಾವ ಅಂಗಡಿಯ ಕೆಲಸ ನೆಪ ಮಾಡಿಕೊಂಡು ಎದ್ದು ಹೋದರು. ಗುಡಿಯ ಅಯ್ಯನವರು ಮಾತ್ರ ನಕ್ಕುಬಿಟ್ಟರು.

"ಕೇಳಪಾ, ಕೇಳು. ಊರವರು ಕೇಳಿದ್ದೆಲ್ಲ ಕೇಳಿಸಿಕೊಂಡು ಕುಂತಾನ ನಮ್ಮಪ್ಪ. ನಿನ್ನ ಪ್ರಶ್ನಿಗೆ ಬ್ಯಾಸರ ಮಾಡ್ಕೊಂತಾನೇನು?"

ಬೇಸಿಗೆ ರಜೆಯ ಬೆಳಗುಗಳು ಅವು. ಬಿಸಿಲು ಏರುವ ಮೊದಲೇ ಅಕ್ಕ, ಆಕೆ, ನಾನು ಗುಡಿಗೆ ಹೋಗುತ್ತಿದ್ದೆವು. ಗುಡಿಯೊಳಗೆ ಕತ್ತಲೆ ತಣ್ಣಗೆ ಕೂತಿರುತ್ತಿತ್ತು. ಹೊಸ್ತಿಲಿನ ಬೆಳಕು ಲಿಂಗದ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು. ಮೊದಲ ದಿನ ನನ್ನ ಕಷ್ಟವನ್ನು ಹೇಳಿಕೊಂಡೆ. ಈ ಪರೀಕ್ಷೆಯಲ್ಲಿ ನನಗೊಂದು ಉತ್ತರ ಬೇಕಾಗಿದೆ, ಆದ್ದರಿಂದ ಯಾವ ಹೂವು ಮೊದಲು ಬಿತ್ತೆಂದು ನೋಡುವವನು ನಾನಾಗಬಾರದು, ನನ್ನ ಕಣ್ಣು ಮೋಸ ಮಾಡಬಹುದು. ಯಾವ ಉತ್ತರ ಬೇಕಾಗಿದೆ ಎಂದು ಆಕೆ ಕೇಳಲಿಲ್ಲ. ಅಕ್ಕ ಕಂಬದ ಕಡೆ ತಿರುಗಿ ನಕ್ಕಳು.

"ನಾ ನೋಡ್ತೀನಿ" ಎಂದಳು ಆಕೆ.

"ನಿಮಗೂ ಒಂದು ಉತ್ತರ ಬೇಕಾಗಿರಬೇಕಲ್ರಿ?"

"ಯಾವುದು ಬೇಕು ಅಂತ ನನಗ ಗೊತ್ತಿದ್ದರ ಚಲೋ ಇರ್ತಿತ್ತು."

ಹಾಗೆ ನಡೆಯಿತು ನಮ್ಮ ತಜುರ್ಬಾ. ಉತ್ತರ ಮೊದಲೇ ತಿಳಿದಿರುವ ಪ್ರಶ್ನೆಗಳನ್ನು ನಾನು ಮನಸ್ಸಿನಲ್ಲಿ ಕೇಳುವುದು, ಅಯ್ಯನವರು ಹೂವು ಅಂಟಿಸುವುದು, ಪ್ರಶ್ನೆ ಗೊತ್ತಿಲ್ಲದ ಆಕೆ ಬಿದ್ದ ಹೂವನ್ನು ನೋಡಿ ಹುಣಸೆಬೀಜವನ್ನು ಈ ಗುಂಪಿಗೋ ಆ ಗುಂಪಿಗೋ ಹಾಕುವುದು. ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆಯೇ? ಬಿಳಿ ಹೂವು ಬಿತ್ತು. ಲಿಂಗಸುಗೂರಿಗೆ ಸಮುದ್ರವಿದೆಯೇ? ಬಿಳಿ. ನಾನು ಮನಸ್ಸಿನಲ್ಲೇ ಹಿಗ್ಗಿದೆ. ಬಿಳಿ ಎಲ್ಲದಕ್ಕೂ ಬೀಳುತ್ತಿತ್ತು. ಆಮೇಲೊಂದು ಬೆಳಿಗ್ಗೆ, ಬೇರೇನೂ ಹೊಳೆಯದೆ, ನನ್ನ ಅವ್ವ ಬದುಕಿದ್ದಾಳೆಯೇ ಎಂದು ಕೇಳಿದೆ. ನಾನು ಸಣ್ಣವನಿದ್ದಾಗಲೇ ಅವ್ವ ಪ್ಲೇಗಿನಲ್ಲಿ ಹೋಗಿದ್ದಳು. ಬಿಳಿ ಹೂವು ಒಮ್ಮೆ ಮಿಸುಕಿ, ತಡೆದು, ಮೆಲ್ಲಗೆ ಜಾರಿ ಪೀಠದ ನೀರಿನಲ್ಲಿ ಬಿತ್ತು. ಅವ್ವ ಎಲ್ಲೋ ಒಂದು ಮನೆಯಲ್ಲಿ ಒಲೆಯ ಮುಂದೆ ಕೂತಿದ್ದಾಳೆ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾಳೆ, ಹೋಗಿ ಕರೆದರೆ ತಿರುಗಿ ನೋಡುತ್ತಾಳೆ. ಒಂದೇ ಗಳಿಗೆ, ಆದರೆ ಆ ಗಳಿಗೆ ನಾನು ಪೂರ್ತಿಯಾಗಿ ನಂಬಿದ್ದೆ. ಅತ್ತಿಯ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಅಯ್ಯನವರ ಕೈಯನ್ನು ಗಮನಿಸುತ್ತ ಹೋದಂತೆ ವಿಷಯ ತಿಳಿಯಿತು. ಬಿಳಿ ಶುಭವೆಂದು ಅವರು ಯಾವಾಗಲೂ ಬಿಳಿ ಹೂವನ್ನೇ ಮೊದಲು ಅಂಟಿಸುತ್ತಿದ್ದರು. ಮೊದಲು ಅಂಟಿದ್ದರ ನೀರು ಮೊದಲು ಆರುತ್ತದೆ, ಹಿಡಿತ ಮೊದಲು ಬಿಡುತ್ತದೆ. ಕೆಂಪನ್ನು ಮೊದಲು ಇಡಿ ಎಂದು ಬೇಡಿಕೊಂಡೆ. ಕೆಂಪು ಬೀಳತೊಡಗಿತು. ಎರಡನ್ನೂ ಎರಡು ಕೈಯಿಂದ ಒಂದೇ ಸಲ ಇಡಿಸಿದಾಗ ಒಮ್ಮೆ ಅದು, ಒಮ್ಮೆ ಇದು, ಪ್ರಶ್ನೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆಕೆ ಹುಣಸೆಬೀಜದ ಗುಂಪುಗಳನ್ನು ನೋಡುತ್ತ ಕುಳಿತಳು. ಆಮೇಲೆ ಎರಡನ್ನೂ ಕೂಡಿಸಿ ಉಡಿಯಲ್ಲಿ ಹಾಕಿಕೊಂಡು ಎದ್ದಳು.

ನತೀಜಾ ಹೇಳುವ ದಿನ ಮನೆಯವರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಅಂದು ಮನೆಯಲ್ಲಿ ಅಯ್ಯನವರಿಗೆ ಪ್ರಸಾದಕ್ಕೆ ಹೇಳಿದ್ದರಿಂದ ಅವರೂ ಊಟ ಮುಗಿಸಿ ಗೋಡೆಗೊರಗಿ ಮಜ್ಜಿಗೆ ಕುಡಿಯುತ್ತಿದ್ದರು. ಆಕೆ ಅಡುಗೆಮನೆಯ ಬಾಗಿಲಿನ ಕಂಬಕ್ಕೆ ಆತು ನಿಂತಿದ್ದಳು. ಬಿಳಿ ಹೂವನ್ನು ಮೊದಲು ಇಡುತ್ತಾರೆ, ಅದಕ್ಕೇ ಮೊದಲು ಬೀಳುತ್ತದೆ, ಬೇರೇನೂ ಇಲ್ಲ ಎಂದು ಹೇಳಿದೆ. ಅತ್ತಿ ನನ್ನ ಹತ್ತಿರ ಬಂದು ನಿಂತರು.

"ಹಂಗಾರ ನಮ್ಮ ಅಳಿಯ ಅದಾನ ಅಂತ ದೇವರು ಹೇಳಿದ್ದು ಸುಳ್ಳೇನಪಾ?"

ಅಯ್ಯನವರು ಬಟ್ಟಲನ್ನು ಕೆಳಗಿಟ್ಟರು. ಇಷ್ಟು ವರ್ಷ ಈ ಮನೆಯವರು ಕೇಳುತ್ತಿದ್ದ ಪ್ರಶ್ನೆ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

"ಅದಾನ ಅಂತ ಯಾವಾಗ ಹೇಳಿದನಬೇ?"

"ವರ್ಷಾ ಬಿಳಿ ಹೂವ ಬೀಳಿಸಿದನಲ್ರಿ ಅಯ್ಯಾರ."

"ಬಿದ್ದ ಹೂವ ಯಾಕ ನೋಡೀರಿ? ಬಿದ್ದದ್ದು ಬ್ಯಾಡಂತ ಬಿಟ್ಟದ್ದು. ನಮ್ಮಪ್ಪ ತಲೀ ಮ್ಯಾಲೆ ಇಟ್ಟುಕೊಂಡದ್ದು ಉತ್ತರ."

"ನಮ್ಮ ಸಾಲಗುಂದದಾಗ ಬಿದ್ದದ್ದ ಉತ್ತರರೀ. ದೇವರು ಕೊಟ್ಟ ಪ್ರಸಾದ ಅಂತ."

"ಅದು ಸಾಲಗುಂದದ ಪದ್ಧತಿ ಇದ್ದೀತು. ಈ ಗುಡಿಯಾಗ ಕೊಟ್ಟದ್ದಲ್ಲ, ಇಟ್ಟುಕೊಂಡದ್ದು. ನನ್ನ ಕೇಳಿದ್ದರ ಹೇಳ್ತಿದ್ದೆ."

ಯಾರೂ ಕೇಳಿರಲಿಲ್ಲ. ಬಾಯಿಬಿಡಬಾರದೆಂಬುದೇ ಅಲ್ಲಿಯ ಕಟ್ಟಳೆ. ಪರೀಕ್ಷೆ ಮಾಡಲು ಹೋದ ನಾನಾದರೂ ಯಾವುದನ್ನು ಉತ್ತರವೆಂದು ಎಣಿಸಬೇಕು ಎಂದು ಮೊದಲು ಕೇಳಬೇಕಾಗಿತ್ತು. ಎಲ್ಲರಿಗೂ ಗೊತ್ತಿದ್ದದ್ದೇ ಅಲ್ಲವೇ ಎಂದು ಸುಮ್ಮನಿದ್ದೆ.

ಬಿಳಿ ಹೂವು ಬಿದ್ದ ಅಷ್ಟೂ ವರ್ಷ ಲಿಂಗದ ಮೇಲೆ ಉಳಿದದ್ದು ಕೆಂಪು ಹೂವು. ಇಲ್ಲ, ಇಲ್ಲ, ಇಲ್ಲ ಎಂದೇ ದೇವರು ಹೇಳುತ್ತ ಬಂದಿದ್ದ. ಅತ್ತಿಗೆ ಅದು ಮೊದಲು ತಿಳಿಯಿತು. ಎದೆ ಬಡಿದುಕೊಂಡು ಅಳತೊಡಗಿದರು. ಅಳುತ್ತಲೇ ಒಳಗೆ ಹೋಗಿ ಖಾರ ಅರೆಯುವ ಗುಂಡುಕಲ್ಲು ತಂದು ಮಗಳ ಮುಂದೆ ಇಟ್ಟರು. ಬಳೆ ಒಡೆಯಬೇಕು, ಇಷ್ಟು ವರ್ಷ ತಪ್ಪು ಮಾಡಿದೆವು, ಇನ್ನೊಂದು ಗಳಿಗೆ ಇಟ್ಟುಕೊಳ್ಳಬಾರದು ಎಂದರು. ಮಾವ ನನ್ನ ಕಡೆ ನೋಡಿದರು. ಅಕ್ಕ ಅಳುವವಳಂತೆ ಸೆರಗನ್ನು ಮುಖಕ್ಕೆ ಹಿಡಿದಿದ್ದಳು, ಸೆರಗಿನ ಮೇಲಿಂದ ಅವಳ ಕಣ್ಣು ಮಾತ್ರ ಹೊಳೆಯುತ್ತಿದ್ದವು. ಅವನು ಸತ್ತಿದ್ದಾನೆಂದು ದೇವರೇ ಹೇಳಿದ ಮೇಲೆ ಉಡಿಕೆಗೆ ಅಡ್ಡಿ ಎಲ್ಲಿ?

ನಾನು ಸುಮ್ಮನಿದ್ದರೆ ಸಾಕಿತ್ತು. ನಾನು ಏನೂ ಹೇಳಬೇಕಾಗಿರಲಿಲ್ಲ, ಸುಳ್ಳೂ ಆಡಬೇಕಾಗಿರಲಿಲ್ಲ. ಮಜ್ಜಿಗೆ ಕುಡಿದು ಎದ್ದರೆ ಶ್ರಾವಣದೊಳಗೆ ಆಕೆ ನನ್ನ ಮನೆಯಲ್ಲಿರುತ್ತಿದ್ದಳು. ಆದರೆ ಹೈದರಾಬಾದಿನ ಆ ಮುದುಕ ಗಾಜಿನ ನಳಿಗೆ ಹಿಡಿದು ಪಡಸಾಲೆಯ ನಡುವೆ ಬಂದು ನಿಂತಂತಾಯಿತು. ನನಗೆ ದೇವರ ಮೇಲೆ ಸಿಟ್ಟು ಬಂತು, ಹೂವಿನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚು ಆ ಮುದುಕನ ಮೇಲೆ ಬಂತು. ಆಕೆ ಕೈ ಮುಂದೆ ಚಾಚಿ ತನ್ನ ಬಳೆಗಳನ್ನೇ ನೋಡುತ್ತಿದ್ದಳು.

"ಅತ್ತಿ, ತಡೀರಿ" ಎಂದೆ. "ಬಿದ್ದ ಹೂವಿಗೆ ಗೊತ್ತಿಲ್ಲ ಅಂದಮ್ಯಾಲೆ ಉಳಿದ ಹೂವಿಗೆ ಎಲ್ಲಿಂದ ಗೊತ್ತಿರತೈತಿ? ಹೂವಿನ ಮಾತಿನ ಮ್ಯಾಲೆ ಬಳಿ ಒಡೀಬ್ಯಾಡ್ರಿ."

ಮಾವ ಎದ್ದುನಿಂತರು. "ಲೇ, ನಿನಗ ಬುದ್ಧಿ ಐತೇನು? ಹಂಗಾರ ಅಂವ ಅದಾನೋ ಇಲ್ಲೋ, ಅದನ್ನರ ಹೇಳು."

"ಗೊತ್ತಿಲ್ಲ ಮಾವ."

ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು. ಆಕೆಯ ದನಿ ಮೆತ್ತಗಿತ್ತು, ಆದರೆ ಅತ್ತಿಯ ಅಳುವೂ ನಿಂತಿತು.

"ಇಷ್ಟು ವರ್ಷ ಹೂವ ಕೇಳೀರಿ. ಅಂವನ್ನ ಹೊಳಿ ದಾಟಿಸಿದ ಅಂಬಿಗನ್ನ ಯಾರರ ಕೇಳೀರೇನು?" ಎಂದು ನನ್ನ ಕಡೆ ತಿರುಗಿದಳು. "ಮಾಸ್ತರ, ನೀವರ?"

ಹೂವಿಗೆ ಗೊತ್ತಿಲ್ಲವೆಂದು ತೋರಿಸಲು ಒಂದು ರಜೆ ಪೂರ್ತಿ ಕಳೆದವನಿಗೆ, ಗೊತ್ತಿರಬಹುದಾದ ಒಬ್ಬ ಮನುಷ್ಯ ಹೊಳೆಯ ದಂಡೆಯಲ್ಲಿ ಕೂತಿದ್ದಾನೆ ಎಂದು ಹೊಳೆದೇ ಇರಲಿಲ್ಲ.

"ನಾನೂ ಕೇಳಿಲ್ಲ" ಎಂದಳು ಆಕೆ. "ಅಂಜಿಕಿ ಆಗಿತ್ತು. ಹೂವು ಹೆಂಗೂ ಹೌದು ಅಂತಿತ್ತು."

ಮಳೆ ಬೀಳುವ ಮೊದಲೇ ಹೊಳೆಗೆ ಹೋದೆವು. ಮಾವ, ಅಕ್ಕ, ಆಕೆ, ನಾನು. ಸಿಂಧನೂರಿನ ತನಕ ಬಸ್ಸು, ಅಲ್ಲಿಂದ ಮುಂದೆ ರಾತ್ರಿಯೆಲ್ಲ ಚಕ್ಕಡಿ. ಹೊಳೆ ಮುಟ್ಟಿದಾಗ ನಸುಕಿನ ಮಬ್ಬು ಇನ್ನೂ ನೀರಿನ ಮೇಲೆ ಮಲಗಿತ್ತು. ಆಚೆಯ ದಂಡೆ ಇರಲೇ ಇಲ್ಲ. ಹರಗೋಲುಗಳನ್ನು ಮರಳಿನ ಮೇಲೆ ಬೋರಲು ಹಾಕಿದ್ದರು. ಮುದಿ ಅಂಬಿಗನೊಬ್ಬ ಒಂದರ ತಳಕ್ಕೆ ಡಾಂಬರು ಹಚ್ಚುತ್ತಿದ್ದ. ಆಕೆಯೇ ಮುಂದೆ ಹೋಗಿ ಕೇಳಿದಳು. ಇಂಥ ಊರಿನವನು, ಇಂಥ ಎತ್ತರ, ಎಡಹುಬ್ಬಿನಲ್ಲಿ ಗಾಯದ ಗುರುತು, ಗಲಾಟೆಯ ಮಳೆಗಾಲ ಎಂದಳು. ಗುರುತಿನ ಮಾತು ಬಂದಾಗ ನಾನು ಮರಳನ್ನು ನೋಡುತ್ತ ನಿಂತೆ. ಅಷ್ಟು ದಿನ ನನ್ನ ಪಾಲಿಗೆ ಆ ಮನುಷ್ಯನಿಗೆ ಮುಖವೇ ಇರಲಿಲ್ಲ.

ಅಂಬಿಗ ಕೈ ಒರೆಸಿಕೊಂಡು ಬಹಳ ಹೊತ್ತು ಆಕೆಯನ್ನು ನೋಡಿದ.

"ಆ ವರ್ಷ ದಾಟಿಸಿದವರಿಗೆ ಲೆಕ್ಕ ಇಲ್ಲ ತಾಯಿ. ದಾಟಿದವರೂ ಅದಾರ, ದಾಟದವರೂ ಅದಾರ. ಸುಳಿಯಾಗ ಒಂದು ಹರಗೋಲು ಮಗಚಿತ್ತು. ಅದರಾಗ ಯಾರಿದ್ದರು, ನೆಪ್ಪಿಲ್ಲ. ದಾಟಿ ಆ ಕಡಿ ಹೋಗಿ ಹೊಳ್ಳಿ ನೋಡಲಾರದವರೂ ಇದ್ದರು. ನಿನಗ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳಲೇನು? ನನಗ ಗೊತ್ತಿಲ್ಲ."

ಅವನದೇ ಇನ್ನೊಂದು ಹರಗೋಲಿನಲ್ಲಿ ಆಚೆ ದಂಡೆಗೂ ಹೋದೆವು. ಅಲ್ಲಿಯ ಊರುಗಳಲ್ಲಿ ವಿಚಾರಿಸಿದೆವು. ಆ ವರ್ಷ ಬಂದು ಗುಡಿಸಲು ಹಾಕಿಕೊಂಡಿದ್ದವರು ಯಾವಾಗಲೋ ತಮ್ಮ ತಮ್ಮ ಊರಿಗೆ ಹೊರಟುಹೋಗಿದ್ದರು. ಸಂಜೆಗೆ ತಿರುಗಿ ಹೊರಟಾಗ ಹರಗೋಲು ನಡುಹೊಳೆಯಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಆಕಾಶ ಸುತ್ತುತ್ತಿತ್ತು, ಎರಡೂ ದಂಡೆ ಸುತ್ತುತ್ತಿದ್ದವು. ಯಾವುದು ನಮ್ಮ ದಂಡೆ ಎಂದು ಸ್ವಲ್ಪ ಹೊತ್ತು ನನಗೆ ತಿಳಿಯಲೇ ಇಲ್ಲ. ಆಕೆ ಕೈಯನ್ನು ಬಳೆ ಮುಳುಗುವ ತನಕ ನೀರಿನಲ್ಲಿ ಇಳಿಬಿಟ್ಟಿದ್ದಳು.

"ಮಾಸ್ತರ, ಗೊತ್ತಿಲ್ಲ ಅನ್ನೋದನ್ನ ಇಟ್ಟುಕೊಂಡು ಬಾಳೇವು ಮಾಡಾಕ ಬರತೈತೇನ್ರಿ?"

"ಗೊತ್ತಿಲ್ರಿ" ಎಂದುಬಿಟ್ಟೆ.

ಆಕೆ ನಕ್ಕಳು. ನಗು ನಡುವೆಯೇ ಒಡೆದು ಅಳುವಾಯಿತು. ಅಷ್ಟು ವರ್ಷದಲ್ಲಿ ಆಕೆ ಅತ್ತದ್ದನ್ನು ಯಾರೂ ಕಂಡಿರಲಿಲ್ಲ ಎಂದು ಅಕ್ಕ ಆಮೇಲೆ ಹೇಳಿದಳು. ಬದುಕಿದ್ದಾನೆ ಎಂದ ಮೇಲೆ ಅಳುವಂತಿರಲಿಲ್ಲ, ಅಪಶಕುನ. ಹೊಳೆಯ ನಡುವೆ ಆಕೆ ಮನಸಾರೆ ಅತ್ತಳು. ಮಾವ, ಅಕ್ಕ, ಅಂಬಿಗ ಮೂವರೂ ನೀರನ್ನು ನೋಡುತ್ತ ಕುಳಿತರು. ಅತ್ತು ಮುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡು ಆಕೆ ಹೇಳಿದಳು.

"ದೇವರಿಗೆ ಎಷ್ಟೊಂದು ಪ್ರಶ್ನಿ ಕೇಳಿದ್ರಿ. ನನಗೊಂದು ಕೇಳೋದು ಉಳದೈತಿ."

ಕೇಳಿದೆ. ಮಾವನ ಎದುರಿಗೇ ಕೇಳಿದೆ.

"ಇದೊಂದು ಮಳಿಗಾಲ ಹೋಗಲಿ" ಎಂದಳು.

ಉಡಿಕೆಗೆ ಊರ ಹಿರಿಯರು ಒಪ್ಪಿದರು. ಹೂವಿನ ಮಾತಿನ ಮೇಲೆಯೇ ಒಪ್ಪಿದರು. ದೇವರು ಕೆಂಪು ಹೂವು ಇಟ್ಟುಕೊಂಡಿದ್ದಾನೆ ಎಂದು ಅಯ್ಯನವರು ಹೇಳಿದ್ದೇ ಅವರಿಗೆ ಸಾಕಾಯಿತು. ಅಲ್ಲ, ಹಾಗಲ್ಲ, ಹೂವಿಗೆ ಏನೂ ಗೊತ್ತಿಲ್ಲ ಎಂದು ನಾನು ಅಲ್ಲಿಯೂ ಬಾಯಿ ತೆರೆದೆ. ಅಕ್ಕ ತೊಡೆಗೆ ಚಿವುಟಿದಳು. ಹಿರಿಯರು ಈ ಮಾಸ್ತರನ ಸ್ವಭಾವವೇ ಹೀಗೆ ಎಂದು ನಕ್ಕು ಎಲೆ ಅಡಿಕೆ ಹಂಚಿಕೊಂಡರು.

ಉಡಿಕೆಯ ದಿನ ಸಂಜೆ ಅತ್ತಿ ಮತ್ತೆ ಗುಂಡುಕಲ್ಲು ತಂದರು. ಹಳೆಯ ಬಳೆ ಒಡೆಯದೆ ಹೊಸ ಬಳೆ ಇಡುವುದು ಯಾವ ಪದ್ಧತಿಯಲ್ಲೂ ಇಲ್ಲ. ಆಕೆ ಕೈ ಕೊಡಲಿಲ್ಲ. ಬಳೆಗಾರ್ತಿಯನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

"ಒಡಿಬ್ಯಾಡಬೇ. ತೆಗಿ."

ಬಳೆಗಾರ್ತಿ ಔಡಲ ಎಣ್ಣೆ ಹಚ್ಚಿ, ಬೆರಳುಗಳನ್ನು ಕೂಡಿಸಿ ಒತ್ತಿ, ಒಂದೊಂದನ್ನೇ ಇಳಿಸಿದಳು. ಇಡುವುದೇ ನನ್ನ ಕಸುಬು, ಹೀಗೆ ಇಡಿಯಾಗಿ ತೆಗೆದದ್ದು ಇದೇ ಮೊದಲು ಎಂದು ಗೊಣಗುತ್ತಲೇ ಇದ್ದಳು. ಕೈ ಕೆಂಪಾಗಿ ಬಾತುಕೊಂಡಿತು. ಒಂದೂ ಒಡೆಯಲಿಲ್ಲ. ಆಕೆ ಎಲ್ಲವನ್ನೂ ಒಂದು ಹಳೆಯ ಕುಬಸದ ಬಟ್ಟೆಯಲ್ಲಿ ಸುತ್ತಿದಳು.

"ಇವು ಅಂವನವು. ಬಂದರ ಕೊಡಬೇಕು" ಎಂದು ನನಗೆ ಹೇಳಿದಳು. ನಾನು ಹೂಂ ಎಂದೆ.

ಆ ವರ್ಷದ ಕೊನೆಗೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆಯಲ್ಲಿ ಬಾವುಟ ಏರಿಸಿ ಮಕ್ಕಳಿಗೆ ಪೆಪ್ಪರಮಿಂಟು ಹಂಚಿ ಮನೆಗೆ ಬಂದರೆ ಆಕೆ ಹೊಸ ಬಳೆಯ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸಿಂಧನೂರಿನ ಆ ಬಾಡಿಗೆ ಮನೆಯ ಗೋಡೆಯಲ್ಲಿ ಒಂದು ಮಾಡವಿತ್ತು. ದೀಪದ ಪಕ್ಕದಲ್ಲಿ ಆ ಬಟ್ಟೆಯ ಗಂಟು ಇತ್ತು. ನಾನು ಅಲ್ಲಿ ಸುಖವಾಗಿದ್ದೆ. ಅಷ್ಟು ಸುಖ ನನಗೆ ದಕ್ಕಬಹುದೆಂದು ಎಣಿಸಿರಲಿಲ್ಲ.

ಯಾರಾದರೂ ಬಾಗಿಲು ಬಡಿದರೆ ನಾವಿಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಹಾಲಿನವನಿರಬಹುದು, ಶಾಲೆಯ ಜವಾನನಿರಬಹುದು. ನಾನು ಏಳುವಷ್ಟರಲ್ಲಿ ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಎದ್ದಿರುತ್ತಿದ್ದಳು. ಅಷ್ಟು ವರ್ಷದ ಬಾಳುವೆಯಲ್ಲಿ ಒಂದು ದಿನವೂ ಆಕೆ ನನಗೆ ಬಾಗಿಲು ತೆಗೆಯಗೊಡಲಿಲ್ಲ.